ಶೋಕೇಸಿನ ಕಲ್ಲಿನ ರಥ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಬೆಂಗಳೂರಿನ ದಂಪತಿ, ಒಬ್ಬ ಮಗ. ಬಾಡಿಗೆ ಮನೆ ಬದಲಿಸುವಾಗ ಶುರುವಾದ ಜಗಳ ನನ್ನ ತನಕ ಬಂತು. ಗಂಡ ಹೋದ ಊರಿಂದೆಲ್ಲ ಏನಾದರೂ ತರುವವರು: ಫ್ರಿಜ್ ಮ್ಯಾಗ್ನೆಟ್, ಕೀಚೈನ್, ಗೋಕರ್ಣದ ಚಿಪ್ಪಿನ ಹಾರ, ಹಂಪಿಯ ಕಲ್ಲಿನ ರಥ. ಅದರಲ್ಲಿ ಒಂದು ಪೆಟ್ಟಿಗೆಯನ್ನು ಹೆಂಡತಿ ಕೇಳದೇ ಗುಜರಿಗೆ ಹಾಕಿಬಿಟ್ಟಿದ್ದರು. "ನನ್ನ ನೆನಪನ್ನೆಲ್ಲ ತೂಕಕ್ಕೆ ಹಾಕಿದ್ಲು ಮೇಡಂ" ಅಂತ ಅವರು. "ಧೂಳು ಒರೆಸೋದು ಯಾರು, ಅದನ್ನೂ ಕೇಳಿ" ಅಂತ ಇವರು.

ಮೊದಲು ನನಗೂ ಇದು ಕೂಡಿಡುವ ಗೀಳು ಇರಬಹುದಾ ಅನ್ನಿಸಿತ್ತು. ಅಲ್ಲ. ಹಳೇ ಪೇಪರ್, ಡಬ್ಬ, ಬಾಟಲಿ ಯಾವುದನ್ನೂ ಅವರು ಇಟ್ಟುಕೊಳ್ಳುವುದಿಲ್ಲ. ಹೋಗಿ ಬಂದದ್ದು ಮರೆತುಹೋಗುತ್ತೆ ಅನ್ನೋ ಭಯ, ಅಷ್ಟೇ.

ಮುಂದಿನ ಸಲ ಉಳಿದದ್ದರಲ್ಲಿ ಒಂದು ಚೀಲ ತನ್ನಿ ಅಂದೆ. ಒಂದೊಂದನ್ನೇ ಕೈಗೆ ಕೊಟ್ಟು ಆ ದಿನದ ಬಗ್ಗೆ ಹೇಳಿ ಅಂದರೆ, ಹೆಚ್ಚಿನದಕ್ಕೆ ಬಂದದ್ದು ಊರಿನ ಹೆಸರು ಮತ್ತು ರೇಟು. ಊರಿನ ಹೆಸರೋ, ಮ್ಯಾಗ್ನೆಟ್ ಮೇಲೇ ಬರೆದಿರುತ್ತೆ ಅಲ್ವಾ!

ಚನ್ನಪಟ್ಟಣದ ಬುಗುರಿ ಕೈಗೆ ಬಂದಾಗ ಮಾತ್ರ ಮನುಷ್ಯ ಬದಲಾದರು. ಅದನ್ನು ಮಾಡುವವರ ಪಕ್ಕದಲ್ಲೇ ನಿಂತು ನೋಡಿ ತಂದದ್ದಂತೆ. ಗರಗರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳೋದು, ಆಮೇಲೆ ತಾಳೆಗರಿ ಹಿಡಿದು ಹೊಳಪು ತರೋದು, ಆ ಸುಟ್ಟ ವಾಸನೆ, ಸದ್ದಿಗೆ ಮಗ ಕಿವಿ ಮುಚ್ಚಿಕೊಂಡದ್ದು, ಎಲ್ಲ ಒಂದೇ ಉಸಿರಿಗೆ ಬಂತು.

ಆಮೇಲೆ ಕಲ್ಲಿನ ರಥ. ಅವರು ಸುಮ್ಮನಾದರು, ಹೆಂಡತಿ ಶುರು ಮಾಡಿದರು. "ಇದಕ್ಕೆ ಚೌಕಾಸಿ ಮಾಡ್ತಾ ನಿಂತು ಮಾತಂಗ ಬೆಟ್ಟ ಹತ್ತೋ ಹೊತ್ತೇ ಮೀರಿತು. ಸೂರ್ಯ ಮುಳುಗೋದು ನೋಡ್ಲೇ ಇಲ್ಲ. ರಥ ಬೇಕಿದ್ರೆ 50 ರೂಪಾಯಿ ನೋಟಿನ ಹಿಂದೆನೇ ಇದೆಯಲ್ಲ ಮೇಡಂ!"

ಧೂಳು ಸುಮ್ನೆ ನೆಪ. ಹೊಟ್ಟೆಯೊಳಗಿದ್ದ ದೂರು ಇದು.

2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆಯ ಅಧ್ಯಯನವೊಂದು ಪ್ರಕಟವಾಯಿತು. ಮ್ಯೂಸಿಯಂನಲ್ಲಿ ಫೋಟೋ ತೆಗೆದ ವಸ್ತುಗಳಿಗಿಂತ ಬರೀ ಕಣ್ಣಲ್ಲಿ ನೋಡಿದವೇ ಜನರಿಗೆ ಹೆಚ್ಚು ನೆನಪಿದ್ದವು. ಕೊಳ್ಳೋದೂ ಹಾಗೇ ಅಂತ ನನ್ನ ಅಂದಾಜು: ಚೀಲಕ್ಕೆ ಹಾಕಿದೆವಲ್ಲ, ಇನ್ನು ನೋಡೋದೇನು ಅಂತ ಮನಸ್ಸು ಕೈಬಿಡುತ್ತೆ.

ಅವರಿಗೆ ಹೇಳಿದ್ದು: ಒಂದು ಪ್ರವಾಸಕ್ಕೆ ಒಂದೇ ವಸ್ತು, ಅದೂ ಊರು ನೋಡಿ ಮುಗಿಸಿದ ಮೇಲೆ. ತಂದ ದಿನವೇ ಅದರ ಅಡಿಗೆ ಒಂದು ಚೀಟಿ ಅಂಟಿಸಿ, ಯಾರಿದ್ದರು, ಏನಾಯ್ತು ಅಂತ ಎರಡು ಸಾಲು ಬರೆಯಿರಿ. ದಿನಾ ಬಳಸುವಂಥದ್ದಾದರೆ ಇನ್ನೂ ಒಳ್ಳೇದು. ಆಕೆಗೆ ಹೇಳಿದ್ದು ಒಂದೇ, ಕೇಳದೇ ಎಸೆದದ್ದು ತಪ್ಪು, ಅದಕ್ಕೆ ಕ್ಷಮೆ ಕೇಳಿ. ಕೇಳಿದರು, ಸ್ವಲ್ಪ ಮುಖ ಊದಿಸಿಕೊಂಡೇ.

ಎರಡು ತಿಂಗಳ ನಂತರ ಬಂದಾಗ ಮ್ಯಾಗ್ನೆಟ್ಟುಗಳನ್ನೆಲ್ಲ ಹಂಚಿ ಆಗಿತ್ತು. ರಥ ಮಾತ್ರ ಟಿವಿ ಪಕ್ಕದಲ್ಲಿದೆಯಂತೆ. ಕೊಡಬೇಡಿ ಅಂತ ಹಟ ಹಿಡಿದವರು ಹೆಂಡತಿ. ನೆಂಟರು ಬಂದಾಗ ಮಾತಂಗ ಬೆಟ್ಟದ ಕಥೆ ಹೇಳೋಕೆ ಸಾಕ್ಷಿ ಬೇಕಂತೆ.