ಅಂಗೈ ಅಗಲದ ಡ್ರೋನ್ ಐದೇ ನಿಮಿಷಕ್ಕೆ ಸುಸ್ತಾಗುವುದು ಯಾಕೆ?

ಮೂವತ್ತು ಗ್ರಾಂ ಡ್ರೋನ್ ಚಿಕ್ಕಮಗಳೂರಿನ ಮನೆಯೊಳಗೆ ಐದು ನಿಮಿಷ ಹಾರುತ್ತದೆ, ಮುಳ್ಳಯ್ಯನಗಿರಿ ಮೇಲೆ ನಿಲ್ಲುವುದೇ ಇಲ್ಲ, ಬ್ಯಾಟರಿ ಹೋಗಿದೆಯಾ ಅಂತ ಕೇಳಿದ್ದೀರಿ. ಪಾಪ, ಬ್ಯಾಟರಿಯನ್ನು ಬೈಯಬೇಡಿ. ಹಾಸನದಲ್ಲಿ ಹುಡುಗರ ಜೊತೆ ಇಂಥವನ್ನೇ ಕಟ್ಟಿ ಹಾರಿಸುತ್ತಿರುತ್ತೇನೆ, ಎಲ್ಲದರ ಕಥೆಯೂ ಇಷ್ಟೇ.

ಒಂದೇ ಕಡೆ ನಿಂತು ಹಾರಬೇಕಾದರೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತಲೇ ಇರಬೇಕು. ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಅಗ್ಗ, ಸ್ವಲ್ಪವೇ ಗಾಳಿಯನ್ನು ಜೋರಾಗಿ ತಳ್ಳಿದರೆ ದುಬಾರಿ. ನಿಮ್ಮದರಲ್ಲಿ 31 ಮಿ.ಮೀ. ಪ್ರೊಪೆಲ್ಲರ್ ನಾಲ್ಕು ಇರಬೇಕು, ಈ ಸೈಜಿಗೆ ಅದೇ ಮಾಮೂಲಿ. ಅಷ್ಟು ಕಿರಿದಾದ ಜಾಗದಲ್ಲಿ ಗಾಳಿಯನ್ನು ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ತಳ್ಳಬೇಕು. ಲೆಕ್ಕದ ಪ್ರಕಾರ 2 ವ್ಯಾಟ್ ಸಾಕು. ಬ್ಯಾಟರಿಯಿಂದ ಹೋಗುವುದು ಮಾತ್ರ 8–10 ವ್ಯಾಟ್! ಇಂಥದರ 300 ಎಂಎಎಚ್ ಸೆಲ್ಲಿನಲ್ಲಿ ಇರುವುದೇ 1.1 ವ್ಯಾಟ್-ಅವರ್, ಅಂದರೆ 1.1 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು, ಅದನ್ನೂ ಪೂರ್ತಿ ಬರಿದು ಮಾಡುವ ಹಾಗಿಲ್ಲ. ಐದು ನಿಮಿಷ ಸರಿಯಾಗೇ ಇದೆ, ಅಲ್ವಾ?

ಮಿಕ್ಕಿದ್ದು ಎಲ್ಲಿ ಸೋರುತ್ತದೆ? ಹೆಚ್ಚುಕಡಿಮೆ ಅರ್ಧ, ಪುಟಾಣಿ ಮೋಟಾರ್ ಬಿಸಿಯಾಗುವುದರಲ್ಲೇ. ಇನ್ನೊಂದು ಪಾಲು ಗಾಳಿಯ ಜಿಗುಟಿಗೆ. ಬ್ಲೇಡ್ ಚಿಕ್ಕದಾದಷ್ಟೂ ಈ ಜಿಗುಟಿನ ಕಾಟ ಜಾಸ್ತಿ. ರೆನಾಲ್ಡ್ಸ್ ಸಂಖ್ಯೆ ಅನ್ನುವುದು ಇದರ ಅಳತೆ, ಅದು ಕಡಿಮೆಯಾದಷ್ಟೂ ಜಿಗುಟಿನ ಕಾಟ ಜಾಸ್ತಿ. ದೊಡ್ಡ ಹೆಲಿಕಾಪ್ಟರ್ ಬ್ಲೇಡಿಗೆ ಅದು ಹತ್ತಾರು ಲಕ್ಷ, ನಿಮ್ಮದಕ್ಕೆ ಹತ್ತಿಪ್ಪತ್ತು ಸಾವಿರ ಅಷ್ಟೇ. ಅದಕ್ಕೇ ವಿಮಾನದ ರೆಕ್ಕೆಯ ದಪ್ಪ ಆಕಾರವನ್ನು ಸುಮ್ನೆ ಕುಗ್ಗಿಸಿ ಹಾಕಿದರೆ ಕೆಲಸ ಆಗುವುದಿಲ್ಲ. ಇಲ್ಲಿ ಗೆಲ್ಲುವುದು ತೆಳ್ಳಗೆ, ತುಸು ಬಾಗಿದ ಬ್ಲೇಡ್. ನಿಮ್ಮದನ್ನೇ ಬಿಚ್ಚಿ ಅಂಚಿನಿಂದ ನೋಡಿ, ಒಳ್ಳೆಯದಾದರೆ ಹಾಗೇ ಇರುತ್ತದೆ.

ಇನ್ನು ಮುಳ್ಳಯ್ಯನಗಿರಿ. ಎತ್ತರ 1930 ಮೀಟರ್. ಅಲ್ಲಿ ಗಾಳಿ ನಿಮ್ಮ ಊರಿಗಿಂತ ಶೇ. 8ರಷ್ಟು ತೆಳು, ಪವರ್ ಶೇ. 4ರಷ್ಟು ಜಾಸ್ತಿ ಬೇಕು. ಅಷ್ಟಕ್ಕೇ ಡ್ರೋನ್ ಬೀಳುವುದಿಲ್ಲ. ಬೀಳಿಸುವುದು ಅಲ್ಲಿ ಬೀಸುವ ಗಾಳಿ. ಪ್ರೊಪೆಲ್ಲರ್ ಸುತ್ತ ಇರುವ ರಿಂಗ್ ಮನೆಯೊಳಗೆ ಗೋಡೆಯಿಂದ ಕಾಪಾಡುತ್ತದೆ, ಬಯಲಲ್ಲಿ ಅದೇ ಗಾಳಿಗೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಬೇಗ ಕಾಫಿ ಕಣದಲ್ಲಿ ಹಾರಿಸಿ, ಅದೇ ಡ್ರೋನ್ ಅಲ್ಲಾಡದೆ ನಿಲ್ಲುತ್ತದೆ.

ಸಮಯ ಜಾಸ್ತಿ ಬೇಕಾದರೆ ಮೊದಲು ತೂಕ ಇಳಿಸಿ. ಹತ್ತು ಪರ್ಸೆಂಟ್ ಕಡಿಮೆಯಾದರೆ ಹಾರಲು ಬೇಕಾದ ಪವರ್ ಸುಮಾರು ಹದಿನೈದು ಪರ್ಸೆಂಟ್ ಇಳಿಯುತ್ತದೆ. ಆಮೇಲೆ 40 ಮಿ.ಮೀ. ಪ್ರೊಪೆಲ್ಲರ್ ಹಿಡಿಸುವ ಫ್ರೇಮ್ ನೋಡಿ. ಆದರೆ ಹಳೇ ಮೋಟಾರಿಗೇ ಅದನ್ನು ಸಿಕ್ಕಿಸಬೇಡಿ, ಸುಟ್ಟುಹೋದೀತು. ಕೆವಿ (ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಕಡಿಮೆ ಇರುವ ಮೋಟಾರನ್ನೇ ಕೇಳಿ ತನ್ನಿ.