‘ಬಿಗ್’ ತೆಗೆದು ‘ಸಿಗ್ನಿಫಿಕೆಂಟ್’ ಹಾಕಿದವನ ಉತ್ತರ

ಪ್ರಬಂಧದ ಇಂಗ್ಲಿಷ್ ತೀರಾ ಸರಳವಾಗಿದೆ ಎಂದು ಮಾರ್ಗದರ್ಶಕರು ಹೇಳಿದ್ದಾರೆ, ಗಂಭೀರ ಪದಗಳ ಪಟ್ಟಿ ಕೊಡಿ ಎಂದು ಕೇಳಿದ್ದೀರಿ. ಅಂಥ ಪಟ್ಟಿ ನನ್ನ ಬಳಿಯೂ ಇತ್ತು. ನನ್ನನ್ನು ಮುಳುಗಿಸಿದ್ದೇ ಅದು.

ನನ್ನ ಕರಡಿನಲ್ಲಿ ಮಾರ್ಗದರ್ಶಕರು ಎರಡೇ ಎರಡು ಕಡೆ ‘ಅನೌಪಚಾರಿಕ’ ಎಂದು ಗುರುತು ಹಾಕಿದ್ದರು. ನಾನು ಇಡೀ ಪ್ರಬಂಧವೇ ಕೆಟ್ಟಿದೆ ಎಂದುಕೊಂಡು, ಸಮಾನಾರ್ಥಕ ಕೋಶ ಹರವಿಕೊಂಡು ಎರಡು ರಾತ್ರಿ ಕುಳಿತೆ. ‘ಗೆಟ್’ ಇದ್ದಲ್ಲಿ ‘ಅಬ್ಟೇನ್’, ‘ಶೋ’ ಇದ್ದಲ್ಲಿ ‘ಡೆಮಾನ್‌ಸ್ಟ್ರೇಟ್’. ‘ಯೂಸ್’ ಅನ್ನು ಒಂದೇ ಏಟಿಗೆ ‘ಯುಟಿಲೈಸ್’ ಮಾಡಲು ಕಂಪ್ಯೂಟರಿಗೆ ಹೇಳಿದೆ. ‘ಬಿಕಾಸ್’ ಪದದ ಕೊನೆಯ ಮೂರು ಅಕ್ಷರಗಳೂ ಅವೇ ಅಲ್ಲವೇ, ಅದರ ಬಾಲಕ್ಕೂ ‘ಯುಟಿಲೈಸ್’ ಅಂಟಿಕೊಂಡಿತು! ಅದನ್ನು ಹೇಗೋ ತಿದ್ದಿದೆ.

ತಿದ್ದಲಾಗದ್ದು ಇನ್ನೊಂದು. ನನ್ನ ಅಧ್ಯಯನದಲ್ಲಿದ್ದದ್ದು ಎರಡು ವಿಧಾನಗಳಲ್ಲಿ ಪಾಠ ಕೇಳಿದ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ಮಕ್ಕಳ ಎರಡು ಗುಂಪುಗಳು; ಐವತ್ತಕ್ಕೆ ಸರಾಸರಿ ನಾಲ್ಕು ಅಂಕಗಳ ಅಂತರ. ಅದನ್ನು ‘ಬಿಗ್ ಡಿಫರೆನ್ಸ್’ ಎಂದು ಬರೆದಿದ್ದೆ. ‘ಬಿಗ್’ ಬಾಲಿಶವಾಗಿ ಕಂಡಿತು, ‘ಸಿಗ್ನಿಫಿಕೆಂಟ್’ ಎಂದು ಬದಲಿಸಿದೆ, ಹನ್ನೊಂದು ಕಡೆ. ಸಂಖ್ಯಾಶಾಸ್ತ್ರದಲ್ಲಿ ಆ ಪದಕ್ಕೆ ‘ದೊಡ್ಡದು’ ಎಂಬ ಅರ್ಥವಿಲ್ಲ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಬರುವ ಸಂಭವನೀಯತೆ, ಮೊದಲೇ ಗೊತ್ತುಮಾಡಿಕೊಂಡ ಮಿತಿಗಿಂತ (ಸಾಮಾನ್ಯವಾಗಿ 0.05) ಕಡಿಮೆ ಎಂದು ಪರೀಕ್ಷೆ ನಡೆಸಿ ತೋರಿಸಿದವರಿಗಷ್ಟೇ ಆ ಪದದ ಹಕ್ಕು. ಸಾವಿರಾರು ಮಕ್ಕಳಿದ್ದರೆ ಅರ್ಧ ಅಂಕದ ಅಂತರವೂ ‘ಸಿಗ್ನಿಫಿಕೆಂಟ್’ ಆಗಬಹುದು; ಮಕ್ಕಳು ಕಡಿಮೆಯಿದ್ದರೆ ನಾಲ್ಕು ಅಂಕವೂ ಆಗದಿರಬಹುದು. ನಾನು ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ. ಬಾಹ್ಯ ಪರೀಕ್ಷಕರು ಕೇಳಿದ್ದು ಒಂದೇ: ಪಿ ಮೌಲ್ಯ (ಅಂದರೆ ಆ ಸಂಭವನೀಯತೆ) ಎಲ್ಲಿ? ಪ್ರಬಂಧ ವಾಪಸಾಯಿತು. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ ಪರೀಕ್ಷೆ ಮಾಡಿದರೆ 0.11 ಬಂತು, 0.05ರ ಮಿತಿಗಿಂತ ಹೆಚ್ಚು. ತೀರ್ಮಾನದ ಅಧ್ಯಾಯವನ್ನೇ ಹೊಸದಾಗಿ ಬರೆದೆ, ಪದವಿ ಒಂದು ಸೆಮಿಸ್ಟರ್ ಮುಂದೆ ಹೋಯಿತು. ‘ಬಿಗ್’ ಹಾಗೆಯೇ ಇದ್ದಿದ್ದರೆ ಎಷ್ಟು ದೊಡ್ಡದು ಎಂದು ಕೇಳುತ್ತಿದ್ದರು, ನಾಲ್ಕು ಅಂಕ ಎನ್ನುತ್ತಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪದ ಭಾರವಾದಷ್ಟೂ ಬರಹ ಗಂಭೀರವಾಗುತ್ತದೆ ಎಂಬುದು ಸುಳ್ಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಹಳೆಯ ಇಂಗ್ಲಿಷ್ ಪದಗಳ ಮೇಲೆ ಇನ್ನೊಂದು ಭಾರದ ಪದರವಾಗಿ ಕುಳಿತವು, ನಮ್ಮಲ್ಲಿ ‘ನೀರು’ ಇದ್ದಲ್ಲಿ ‘ಉದಕ’ ಬಂದಂತೆ. ಬಾಯಾರಿದವರು ಉದಕ ಕೇಳುವುದಿಲ್ಲ. ತಮಾಷೆಯೆಂದರೆ, ನಾನು ಕೀಳೆಂದು ಕಿತ್ತೆಸೆದ ‘ಯೂಸ್’ ಕೂಡ ಫ್ರೆಂಚಿನಿಂದಲೇ ಬಂದದ್ದು.

ಬದಲಿಸಲೇಬೇಕಾದವು ಕೆಲವಿವೆ. ‘ಎ ಲಾಟ್ ಆಫ್’ ಬದಲು ‘ಮೆನಿ’ ಸಾಕು, ಸಂಖ್ಯೆಯನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ‘ಲುಕ್ ಇನ್‌ಟು’ ಬದಲು ‘ಎಗ್ಸಾಮಿನ್’. ಒಂದು ಸಣ್ಣ ಅಧ್ಯಯನ ಏನನ್ನೂ ‘ಪ್ರೂವ್’ ಮಾಡುವುದಿಲ್ಲ, ‘ಸಜೆಸ್ಟ್’ ಮಾಡುತ್ತದೆ.

ಇಷ್ಟಾದರೂ ಪಟ್ಟಿ ಬೇಕೇ ಬೇಕೆಂದರೆ, ಭಾಷಾತಜ್ಞೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ. ಅದರ ಮೊದಲ ಉಪಪಟ್ಟಿಯಲ್ಲೇ ‘ಸಿಗ್ನಿಫಿಕೆಂಟ್’ ಕುಳಿತಿದೆ, ನೋಡಿಕೊಳ್ಳಿ. ಅದಕ್ಕೂ ಮೊದಲು ಯಾವ ಪದಗಳು ಸರಿಯಿಲ್ಲ ಎಂದು ನಿಮ್ಮ ಮಾರ್ಗದರ್ಶಕರನ್ನೇ ಕೇಳಿ. ನಾನು ಕೇಳಿದ್ದು ಎಲ್ಲ ಮುಗಿದ ಮೇಲೆ. ನನ್ನ ಮಾರ್ಗದರ್ಶಕರು ಗುರುತು ಹಾಕಿದ್ದು ‘ಕಿಡ್ಸ್’ ಮತ್ತು ‘ಡಿಡಂಟ್’ ಎಂಬ ಎರಡು ಪದಗಳಿಗಷ್ಟೇ.