ಜಿಗಿಯುವ ಜೀನು, ಸಾಯದ ಸೊಳ್ಳೆ

ಉಡುಪಿಯ ಅಂಬಲಪಾಡಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಜಿಗಿಯುವ ಜೀನುಗಳ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಕೇಳಿದ್ದೀರಿ: “ಮೊದಲು ಒಂದು ಸೊಳ್ಳೆ ಬತ್ತಿ ಹಚ್ಚಿದರೆ ನುಸಿ ಬೀಳುತ್ತಿತ್ತು. ಈಗ ಹೊಗೆಯೊಳಗೇ ಹಾರುತ್ತದೆ. ವಿಷ ತಾಗಿದ ಕೂಡಲೇ ಈ ಜೀನುಗಳು ಜಿಗಿದು, ಬೇಕಾದ ಬದಲಾವಣೆ ಮಾಡಿಕೊಡುತ್ತವೆಯೇ? ಬ್ರ್ಯಾಂಡ್ ಬದಲಿಸಿದರೆ ಪ್ರಯೋಜನ ಉಂಟೇ?”

ಜೀನು ಜಿಗಿಯುವುದು, ಅಂದರೆ ಡಿಎನ್‌ಎಯ ಕೆಲವು ತುಣುಕುಗಳು ತಮ್ಮ ಜಾಗ ಬಿಟ್ಟು ಡಿಎನ್‌ಎಯಲ್ಲೇ ಬೇರೆ ಕಡೆ ಸೇರಿಕೊಳ್ಳುವುದು, ನಿಜ. ಆದರೆ “ಬೇಕಾದ ಬದಲಾವಣೆ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಿಗಿಯುವ ಡಿಎನ್‌ಎ ತುಣುಕಿಗೆ ಸೊಳ್ಳೆಯ ಕಷ್ಟ ಗೊತ್ತಿಲ್ಲ. ಅದು ಎಲ್ಲೋ ಹೋಗಿ ಕೂರುತ್ತದೆ. ಎಷ್ಟೋ ಸಲ ಕೂತಲ್ಲಿ ಹಾನಿಯನ್ನೇ ಮಾಡುತ್ತದೆ.

ಕೊಳೆತ ಬಾಳೆಹಣ್ಣಿನ ಮೇಲೆ ಸುಳಿಯುವ ಪುಟ್ಟ ನೊಣ, ಡ್ರೊಸೊಫಿಲಾ, ನೋಡಿದ್ದೀರಲ್ಲ? ಅದರಲ್ಲಿ ವಿಷ ಒಡೆಯುವ ಕಿಣ್ವವೊಂದಿದೆ. ಅದನ್ನು ತಯಾರಿಸುವ ಜೀನಿನ ಹೆಸರು ಸಿವೈಪಿ6ಜಿ1. ಡಿಡಿಟಿಗೆ ಬಗ್ಗದ ನೊಣಗಳಲ್ಲಿ ಈ ಜೀನಿನ ಮುಂದೆಯೇ ‘ಅಕಾರ್ಡ್’ ಎಂಬ ಜಿಗಿಯುವ ತುಣುಕಿನ ಚೂರು ಕೂತಿದೆ ಎಂದು 2002ರಲ್ಲಿ ಪ್ರಕಟವಾಯಿತು. ಆ ಚೂರು ಬಂದ ಮೇಲೆ ನಲ್ಲಿ ಜಾಸ್ತಿ ತಿರುಗಿಸಿದಂತೆ ಕಿಣ್ವ ಹೆಚ್ಚು ತಯಾರಾಗುತ್ತದೆ. ಅದೂ ಕರುಳು, ಕೊಬ್ಬಿನ ಅಂಗಾಂಶದಂಥ ಕಡೆ, ಅಂದರೆ ವಿಷವನ್ನು ಎದುರಿಸುವ ಜಾಗಗಳಲ್ಲೇ! ನನಗೆ ಇದು ಇವತ್ತಿಗೂ ಬೆರಗು.

ನಿಮ್ಮ ನುಸಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಚರಂಡಿ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯ ಒಂದು ತಳಿ ಪರ್ಮೆಥ್ರಿನ್ ಎಂಬ ಕೀಟನಾಶಕಕ್ಕೆ ಜಗ್ಗುವುದಿಲ್ಲ. ಅದರಲ್ಲೂ ವಿಷ ಒಡೆಯುವ ಜೀನೊಂದರ ಮುಂದೆ ಇಂಥದೇ ತುಣುಕು ಸಿಕ್ಕಿದೆ.

ಹಾಗಾದರೆ ಎಲ್ಲಾ ಬರೀ ಅದೃಷ್ಟವೇ? ಪೂರ್ತಿ ಹಾಗೂ ಅಲ್ಲ. ಎಚ್‌ಎಸ್‌ಪಿ70 ಎಂಬ ಜೀನು ನೊಣವನ್ನು ಸೆಕೆಯಿಂದ ಕಾಪಾಡುತ್ತದೆ. ಬಿಸಿ ಏರಿದರೆ ಅದು ನಿಮಿಷಗಳಲ್ಲೇ ಕೆಲಸ ಶುರು ಮಾಡಬೇಕು. ಅದಕ್ಕಾಗಿ ಅದರ ಮುಂಭಾಗದ ಡಿಎನ್‌ಎ ಬಿಗಿಯಾಗಿ ಸುತ್ತಿಕೊಳ್ಳದೆ ಸದಾ ತೆರೆದೇ ಇರುತ್ತದೆ. ಈ ತೆರೆದ ಜಾಗಕ್ಕೆ ‘ಪಿ’ ಎಂಬ ತುಣುಕು ಸುಲಭವಾಗಿ ನುಗ್ಗುತ್ತದೆ. ಕಾಡು ನೊಣಗಳಲ್ಲಿ ಮತ್ತೆ ಮತ್ತೆ ಅಲ್ಲೇ ಸಿಕ್ಕಿದೆ. ಈ ‘ಪಿ’ ತುಣುಕು ಇನ್ನೊಂದು ಜಾತಿಯ ನೊಣದಿಂದ ದಾಟಿ ಬಂದು, 20ನೇ ಶತಮಾನದಲ್ಲಷ್ಟೇ ಇವುಗಳಲ್ಲಿ ಹರಡಿದ್ದು. ಅದು ಕೂತ ಮೇಲೆ ಎಚ್‌ಎಸ್‌ಪಿ70 ಚುರುಕಾಗುವ ಬದಲು ಮಂಕಾದದ್ದೂ ಇದೆ. ಅಂದರೆ ತುರ್ತಿಗೆ ತಯಾರಿರುವ ಜೀನೇ ಜಾಸ್ತಿ ಬದಲಾವಣೆಗೆ ಸಿಕ್ಕಿಬೀಳುತ್ತದೆ. ಅದರಿಂದ ಲಾಭವೋ ನಷ್ಟವೋ ಎಂಬುದು ಆಮೇಲಿನ ಮಾತು.

ಇನ್ನು ನಿಮ್ಮ ಕೋಣೆಯ ವಿಷಯ. ಇವತ್ತು ರಾತ್ರಿ ಸೊಳ್ಳೆಯ ಕರುಳಿನಲ್ಲಿ ಏನೇ ಜಿಗಿದರೂ ಅದು ಆ ಸೊಳ್ಳೆಯೊಂದಿಗೇ ಮುಗಿಯುತ್ತದೆ. ಮೊಟ್ಟೆ ಅಥವಾ ವೀರ್ಯದ ಕೋಶದಲ್ಲಿ ಆದ ಜಿಗಿತ ಮಾತ್ರ ಮರಿಗಳಿಗೆ ದಾಟುತ್ತದೆ. ವಿಷ ತಡೆಯುವ ಜೀನು ಹೊತ್ತ ಸೊಳ್ಳೆ ಹುಟ್ಟುವಾಗಲೇ ಹಾಗಿರುತ್ತದೆ. ದಿನಾ ಒಂದೇ ಗುಂಪಿನ ವಿಷ ಹಾಕಿದರೆ ಉಳಿದವೆಲ್ಲ ಸತ್ತು, ಅಂಥವೇ ಮೊಟ್ಟೆ ಇಡುತ್ತವೆ.

ಬ್ರ್ಯಾಂಡ್ ಬದಲಿಸುವುದರಿಂದ ದೊಡ್ಡ ಪ್ರಯೋಜನವಿಲ್ಲ. ಬತ್ತಿಯಿರಲಿ, ಲಿಕ್ವಿಡ್ ಇರಲಿ, ಹೆಚ್ಚಿನವುಗಳಲ್ಲಿ ಪರ್ಮೆಥ್ರಿನ್‌ನ ಬಳಗದ್ದೇ ವಿಷ ಇರುತ್ತದೆ. ಪ್ಯಾಕೆಟ್ಟಿನ ಹಿಂಬದಿ ಓದಿ ನೋಡಿ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಬಾವಿಯಲ್ಲಿ, ತಾರಸಿಯ ಟ್ಯಾಂಕಿಯಲ್ಲಿ, ಕಟ್ಟಡ ಕೆಲಸದ ನಿಂತ ನೀರಿನಲ್ಲಿ ಬೆಳೆಯುತ್ತದೆ. ಟ್ಯಾಂಕಿಗೆ ಸರಿಯಾದ ಮುಚ್ಚಳ, ಬಾವಿಗೆ ಬಲೆ, ಮಂಚಕ್ಕೆ ಪರದೆ. ನಿಮ್ಮ ಮನೆಯಲ್ಲಿ ಮೊದಲು ಇಷ್ಟು ಮಾಡಿ.

– ಸಂಪಾದಕ